ತೌಡಿನ ಚೀಲ ಕಟ್ಟಿಕೊಂಡು ಕಲಿತ ವೀಲಿ

2013ರಲ್ಲಿ, ಒಂಬತ್ತನೆಯ ತರಗತಿಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ ಸಿಕ್ಕಿತು, ಹೋದೆ. ಓದಿದವರ ಮುಂದೆ ಇವತ್ತಿಗೂ ಈ ಮಾತನ್ನು ದನಿ ತಗ್ಗಿಸಿ ಹೇಳುವುದಿಲ್ಲ. ದುಡಿದು ತಿಂದವನು ಯಾಕೆ ತಗ್ಗಬೇಕು?

ಮುಂದೆ ನನ್ನದೇ ಒಂದು ಹಳೆಯ ಬೈಕು ಬಂತು. ನೂರು ಸಿಸಿಯದು, ಹಿಂದಿನ ಗಾಲಿಗೆ ಡ್ರಮ್ ಬ್ರೇಕು. ಸೀಟಿನ ಹಿಂದೆ ಕಬ್ಬಿಣದ ಕ್ಯಾರಿಯರ್ ವೆಲ್ಡ್ ಮಾಡಿಕೊಟ್ಟವರು ಉಸ್ತಾದ್. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಗ್ಯಾರೇಜು. ಐವತ್ತು ದಾಟಿದ, ಒಣಗಿದ ಕಟ್ಟಿಗೆಯಂಥ ಮನುಷ್ಯ. ಆ ಕ್ಯಾರಿಯರ್ ಮೇಲೆ ತೌಡಿನ ಚೀಲ ಹೇರಿಕೊಂಡು ಎಮ್ಮೆ ಕಟ್ಟಿದವರ ಮನೆಗಳಿಗೆ ಮುಟ್ಟಿಸುವುದು ನನ್ನ ವ್ಯಾಪಾರವಾಯಿತು.

ಮುಂದಿನ ಗಾಲಿ ಎತ್ತಿ ಹಿಂದಿನ ಗಾಲಿಯ ಮೇಲಷ್ಟೇ ಬೈಕು ಓಡಿಸುವ ವೀಲಿ ಕಲಿಯಬೇಕೆಂದು ನಾನು ಹೊರಟವನಲ್ಲ. ಕಾಲುವೆಯ ಸೇತುವೆ ಏರುವಾಗ ಒಂದು ದಿನ ಕ್ಲಚ್ಚು ಕೈಯಿಂದ ಫಕ್ಕನೆ ಜಾರಿತು. ಹಿಂದೆ ಚೀಲದ ಭಾರ. ಮುಂದಿನ ಗಾಲಿ ನೆಲ ಬಿಟ್ಟು ಎದೆಮಟ್ಟ ಎದ್ದಿತು. ಬಲಗಾಲು ತಾನಾಗಿ ಹಿಂದಿನ ಗಾಲಿಯ ಬ್ರೇಕು ಒತ್ತಿತು, ಗಾಲಿ ಮೆತ್ತಗೆ ಇಳಿಯಿತು. ಆ ಇಳಿದದ್ದು ಇತ್ತಲ್ಲ, ಅದರ ರುಚಿ ಹತ್ತಿತು ನನಗೆ.

ಸುಗ್ಗಿ ಮುಗಿದ ಮೇಲೆ ಮಿಲ್ಲಿನ ಭತ್ತ ಒಣಗಿಸುವ ಸಿಮೆಂಟಿನ ಅಂಗಳ ಖಾಲಿ ಬಿದ್ದಿರುತ್ತದೆ. ಮಾಲೀಕರನ್ನು ಕೇಳಿಕೊಂಡು ಸಂಜೆ ಅಲ್ಲಿ ಹೆಲ್ಮೆಟ್ ಹಾಕಿ ಗಾಲಿ ಎತ್ತತೊಡಗಿದೆ. ಮರುದಿನ ಬೆಳಿಗ್ಗೆ ಹಾಕಬೇಕಾದ ಚೀಲವನ್ನು ಸಂಜೆಯೇ ಕಟ್ಟಿಟ್ಟಿರುತ್ತಿದ್ದೆ, ಅದನ್ನು ಬಿಚ್ಚುವ ಗೋಜಿಗೆ ಹೋಗುತ್ತಿರಲಿಲ್ಲ.

ಉಸ್ತಾದರಿಗೆ ಇದು ಸರಿಬರಲಿಲ್ಲ. ಅವರ ಗ್ಯಾರೇಜಿನಲ್ಲಿ ಒಂದು ಹಳೆಯ ಇನ್ನೂರು ಸಿಸಿ ಬೈಕು ನಿಂತಿತ್ತು, ಕಲಿಯುವುದಾದರೆ ಅದನ್ನು ಕೊಂಡುಕೊ ಎನ್ನುತ್ತಿದ್ದರು.

"ಸ್ಟಂಟಿಗೆ ಗಾಡಿನ ಬ್ಯಾರೆ ಇರ್ತೈತಿ ಬೇಟಾ. ನಿಂದು ಎತ್ತು. ಕುದ್ರಿ ಅಲ್ಲ."

"ಎತ್ತು ಮುಂಗಾಲು ಎತ್ತಿದ್ದು ನೋಡಿಲ್ಲೇನ್ರಿ ಉಸ್ತಾದ್?"

"ನೋಡೀನಿ. ಅವತ್ತು ಅದರ ಮಾಲಕ ದವಾಖಾನ್ಯಾಗಿದ್ದ."

ಗಾಡಿಯಲ್ಲಿ ಏನೂ ಇಲ್ಲ, ಎಲ್ಲ ಸವಾರನ ಕೈಕಾಲಿನಲ್ಲಿ ಇದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಹಾಗಿರುವಾಗ ಸುದ್ದಿ ಬಂತು. ಜಾತ್ರೆ, ಶೋರೂಮು ಅಂತ ಶೋ ಮಾಡುವ ಒಂದು ಸ್ಟಂಟ್ ತಂಡಕ್ಕೆ ಒಬ್ಬ ಸವಾರ ಬೇಕು, ಕೊಪ್ಪಳದಲ್ಲಿ ಪರೀಕ್ಷೆ, ಅವರವರ ಗಾಡಿ ಅವರವರೇ ತರಬೇಕು. ಒಂದೇ ಜಾಗ. ನನಗೆ ಆ ಜಾಗ ಬೇಕಾಗಿತ್ತು. ದುಡ್ಡಿನ ಮಾತಲ್ಲ, ತೌಡಿನಲ್ಲಿ ನನ್ನ ಹೊಟ್ಟೆ ತುಂಬುತ್ತಿತ್ತು. ಯಾವ ಮಾಸ್ತರರೂ ಇಲ್ಲದೆ ಕಲಿತ ಒಂದು ವಿದ್ಯೆಯನ್ನು ತಿಳಿದವನೊಬ್ಬ ನೋಡಿ 'ಪಾಸು' ಅನ್ನಬೇಕಾಗಿತ್ತು.

ಉಸ್ತಾದ್ ತಾವೂ ಬರುತ್ತೇನೆಂದರು. ಏನಾದರೂ ಮುರಿದರೆ ರಿಪೇರಿಗೆ ಅಂದರು. ನಾನು ಸೋಲುವುದನ್ನು ನೋಡಲು ಎಂದು ನಾನು ತಿಳಿದೆ. ದಾರಿಯ ಮೇಲೊಂದು ಮನೆಗೆ ಚೀಲ ಹಾಕುವುದಿತ್ತು, ಆ ಮನೆಗೆ ಬೀಗ. ಹೀಗಾಗಿ ಚೀಲ ನನ್ನ ಬೆನ್ನ ಹಿಂದೆಯೇ ಕೊಪ್ಪಳಕ್ಕೆ ಬಂತು. ಉಸ್ತಾದ್ ಬಸ್ಸಿಗೆ ಬಂದರು.

ಊರ ಹೊರಗಿನ ಒಂದು ಲೇಔಟು. ಡಾಂಬರು ರಸ್ತೆ, ಸೈಟಿನ ಕಲ್ಲುಗಳು, ಒಂದೂ ಮನೆಯಿಲ್ಲ. ಗೇಟು ಹಾಕಿದ್ದರು. ತಂಡದ ಹಿರಿಯ ಸವಾರ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ರಸ್ತೆಗೆ ಅಡ್ಡಲಾಗಿ ಸುಣ್ಣದ ಎರಡು ಗೆರೆ ಎಳೆದಿದ್ದ.

"ಈ ಗೆರಿ ಮ್ಯಾಲೆ ಗಾಲಿ ಏಳಬೇಕು. ಆ ಗೆರೀತನಕ ಇಳೀಬಾರ್ದು. ದಾಟಿದ ಮ್ಯಾಲೆ ಮೆತ್ತಗ ಇಳಸ್ಬೇಕು. ಮೂರು ಸಲ ಕೊಡ್ತೀನಿ."

ನನ್ನ ಹೊರತು ಇಬ್ಬರು. ಯಲಬುರ್ಗಾದವನೊಬ್ಬ, ಕುಷ್ಟಗಿಯವನೊಬ್ಬ. ಇಬ್ಬರವೂ ಇನ್ನೂರು ಸಿಸಿ. ಕುಷ್ಟಗಿಯವನು ನನ್ನ ಚೀಲ ನೋಡಿ, "ಏನಣ್ಣ, ಸಂತಿ ಇಲ್ಲಿ ಕೂಡೂದಿಲ್ಲಲ್ಲ" ಅಂದ.

"ತೌಡೈತಿ. ನೀ ತಿಂತಿದ್ರ ಹೇಳು, ಇಳಸ್ತೀನಿ" ಅಂದೆ.

ಯಲಬುರ್ಗಾದವನು ಆಕ್ಸಿಲರೇಟರ್ ತಿರುವಿದ್ದೇ ತಡ, ಅವನ ಗಾಲಿ ಪಟದ ಹಾಗೆ ಎದ್ದಿತು. ಎಬ್ಬಿಸಿದ್ದು ಇಂಜಿನ್ನು, ಇಳಿಸಬೇಕಾದವನು ಅವನು. ಕಾಲಿಗೆ ಬ್ರೇಕು ಸಿಗಲಿಲ್ಲ. ಬೈಕು ಅವನನ್ನು ಹಿಂದೆ ಚೆಲ್ಲಿ ಕಿಡಿ ಹಾರಿಸುತ್ತ ಒಂದಿಷ್ಟು ದೂರ ಒಬ್ಬಂಟಿಯಾಗಿ ಹೋಯಿತು. ಮೊಣಕೈಯ ಚರ್ಮ ಕಿತ್ತಿತ್ತು. ಅವನು ಮತ್ತೆ ಹತ್ತಲಿಲ್ಲ. ಕುಷ್ಟಗಿಯವನು ಮೊದಲ ಸಲ ಗೆರೆ ಮುಟ್ಟಲಿಲ್ಲ, ಎರಡನೆಯ ಸಲ ದಾಟಿಸಿದ. ಇಳಿಸುವಾಗ ಗಾಲಿ ಧಡ್ ಎಂದು ಬಿತ್ತು. ಆದರೂ ದಾಟಿಸಿದ.

ನನ್ನ ಸರದಿ.

"ಆ ಚೀಲ ಬಿಚ್ಚು" ಅಂದ ಹಿರಿಯ.

ಬಿಚ್ಚಿದೆ. ಗೆರೆ ಬಂತು, ಕ್ಲಚ್ಚು ಬಿಟ್ಟೆ, ಎಳೆದೆ. ಗಾಲಿ ಒಂದು ಗೇಣು ಎದ್ದು ಬಿತ್ತು. ನನಗೇ ನಂಬಿಕೆ ಬರಲಿಲ್ಲ. ಎರಡನೆಯ ಸಲ ಸೀಟಿನ ಅಂಚಿಗೆ ಸರಿದು ಕೂತು, ಇಂಜಿನ್ನು ಚೀರುವವರೆಗೆ ತಿರುವಿ ಬಿಟ್ಟೆ. ಎದ್ದಿತು. ಎರಡು ಗೆರೆಗಳ ನಡುವೆ ಉಸಿರು ಕಟ್ಟಿದವರ ಹಾಗೆ ಇಂಜಿನ್ನು ಸೋತು, ಗಾಲಿ ಇಳಿದೇಬಿಟ್ಟಿತು. ಯಾರೋ ನಕ್ಕರು. ಕ್ಲಚ್ಚು ಸುಟ್ಟ ವಾಸನೆ.

ಇನ್ನೊಂದೇ ಸಲ. ಉಸ್ತಾದ್ ಒಂದು ಸೈಟಿನ ಕಲ್ಲಿನ ಮೇಲೆ ಕೂತಿದ್ದರು, ನಗಲಿಲ್ಲ. ನಕ್ಕಿದ್ದರೆ ಛಲೋ ಇತ್ತು.

"ನೀವು ಹೇಳಿದ್ದ ಖರೆ ಆತು ಅಂದ್ಬಿಡ್ರಿ" ಅಂದೆ.

"ನಾ ಏನ್ ಅಂದಿಲ್ಲ. ಅಲ್ಲ ಬೇಟಾ, ನೀ ಒಂದಿನಾರ ಚೀಲ ಬಿಟ್ಟು ಎಬ್ಬಿಸಿದ್ದೇನು?"

ಒಂದು ದಿನವೂ ಇಲ್ಲ. ನಾನು ಕಲಿತದ್ದು ಬೈಕನ್ನಲ್ಲ, ಬೈಕು ಮತ್ತು ಚೀಲವನ್ನು. ಹಿಂದಿನ ಭಾರವೇ ಅರ್ಧ ಗಾಲಿ ಎತ್ತುತ್ತಿತ್ತು, ಆ ಅರ್ಧವನ್ನೂ ನನ್ನ ಕೈಯ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಹಿರಿಯನ ಹತ್ತಿರ ಹೋದೆ. "ಚೀಲ ಕಟ್ಕೊಂಡು ಮಾಡ್ತೀನ್ರಿ."

"ಬ್ಯಾಡ. ನಾಳೆ ಶೋದಾಗ ಚೀಲ ಬಿಚ್ಚಿ ಜನರ ಮ್ಯಾಲೆ ಬಿತ್ತಂದ್ರ?"

"ಮನಷ್ಯಾ ಕುಂತ್ರ?"

ಅವನು ಕ್ಯಾರಿಯರನ್ನು ಕೈಯಿಂದ ಅಲ್ಲಾಡಿಸಿ ನೋಡಿದ. "ಇಬ್ಬರ ವೀಲಿ ಶೋದಾಗ ಐತಿ. ಕುಂದ್ರವ್ರು ಯಾರು?"

ಕುಷ್ಟಗಿಯವನು ತನ್ನ ಬೂಟು ನೋಡಿಕೊಂಡ. ಉಸ್ತಾದ್ ಎದ್ದು ಪ್ಯಾಂಟು ಝಾಡಿಸಿದರು. "ಕ್ಯಾರಿಯರಿನ ವೆಲ್ಡಿಂಗ್ ನಂದೈತಿ. ತಡೀತೈತಿ" ಅಂದರು, ತಮಗೇ ಹೇಳಿಕೊಂಡ ಹಾಗೆ. ಕುಷ್ಟಗಿಯವನು ತನ್ನ ಹೆಲ್ಮೆಟ್ ಬಿಚ್ಚಿ ಅವರಿಗೆ ಕೊಟ್ಟ.

"ನನ್ನ ಹಿಡ್ಕೋಬ್ಯಾಡ್ರಿ ಉಸ್ತಾದ್. ಕ್ಯಾರಿಯರಿನ ಸರಳು ಹಿಡೀರಿ. ಅತ್ತಿತ್ತ ಹೊಳ್ಳಬ್ಯಾಡ್ರಿ. ಚೀಲ ಆಗಿ ಕುಂದರ್ರಿ."

"ಚೀಲ ಮಾತಾಡ್ತೈತೇನು?"

"ಇಲ್ರಿ."

"ಮತ್ತ ನೀನೂ ಸುಮ್ನ ನಡಿ."

ಹೊರಟೆ. ಬೆನ್ನಿಗೆ ಅವರ ಉಸಿರು ತಾಗುತ್ತಿತ್ತು. ಚೀಲಕ್ಕೆ ಉಸಿರಿರುವುದಿಲ್ಲ. ಈಗ ತಪ್ಪಿದರೆ ಬೀಳುವುದು ನಾನೊಬ್ಬನೇ ಅಲ್ಲ ಎಂಬುದು ಗೆರೆಯ ಹತ್ತಿರ ಬಂದಾಗಲೇ ಹೊಳೆದದ್ದು. ಅಷ್ಟರಲ್ಲಿ ಕೈ ಕ್ಲಚ್ಚು ಬಿಟ್ಟಿತ್ತು. ಗಾಲಿ ಎದ್ದಿತು, ಅಂಗಳದಲ್ಲಿ ಏಳುತ್ತಿದ್ದ ಹಾಗೆಯೇ. ನಡುವೆ ಉಸ್ತಾದ್ ಹೆದರಿ ಮುಂದಕ್ಕೆ ಬಾಗಿದರು. ಗಾಲಿ ಇಳಿಯತೊಡಗಿತು.

"ಚೀಲ" ಎಂದು ಕೂಗಿದೆ.

ಅವರು ಹಿಂದಕ್ಕೆ ಸರಿದರು, ಬೇಕಾದದ್ದಕ್ಕಿಂತ ಹೆಚ್ಚು. ರಸ್ತೆ ಕಾಣದಾಯಿತು, ಹ್ಯಾಂಡಲ್ಲು ಮತ್ತು ಆಕಾಶ ಮಾತ್ರ. ಇನ್ನೊಂದು ಕೂದಲೆಳೆ ಹೋದರೆ ಇಬ್ಬರೂ ಅಂಗಾತ. ಬಲಗಾಲು ಬ್ರೇಕನ್ನು ಬೆಣ್ಣೆ ಒತ್ತಿದ ಹಾಗೆ ಒತ್ತಿತು. ಆಕಾಶ ಮೇಲೆ ಸರಿದು, ರಸ್ತೆ ಮತ್ತೆ ಬಂತು. ಬಿಳಿ ಗೆರೆ ಕೆಳಗೆ ಹಾದುಹೋಯಿತು. ಸದ್ದಿಲ್ಲದೆ ಗಾಲಿ ಇಳಿಸಿದೆ.

ಬೈಕು ನಿಂತರೂ ಉಸ್ತಾದ್ ಇಳಿಯಲಿಲ್ಲ.

"ಇಳೀರಿ ಉಸ್ತಾದ್."

"ತಡಿ. ಕಾಲು ಎಲ್ಲದಾವ ನೋಡ್ಕೊಂತೀನಿ."

ಹಿರಿಯ ಬಂದು ನನ್ನ ಬ್ರೇಕನ್ನು ಕೈಯಿಂದ ಒತ್ತಿ ನೋಡಿದ. "ಇಳಸೂದು ಛಲೋ ಕಲ್ತೀದಿ. ಉಳಿದ ಇಬ್ಬರಿಗೂ ಇಷ್ಟು ಬರೂದಿಲ್ಲ. ಅದು ಪಾಸು. ಆದ್ರ ಜಾಗಾ ಆ ಕುಷ್ಟಗಿಯವಂಗ ಕೊಡ್ತೀನಿ. ಅವಾ ಒಬ್ಬನ ಕುಂತು ಮಾಡಿದ."

ಪಾಸು ಅಂದದ್ದನ್ನು ಒಂದು ಕಿವಿಯಲ್ಲಿ, ಜಾಗವಿಲ್ಲ ಅಂದದ್ದನ್ನು ಇನ್ನೊಂದರಲ್ಲಿ ಇಟ್ಟುಕೊಂಡು ಚೀಲ ಕಟ್ಟಿದೆ. ಉಸ್ತಾದ್ ಬಸ್‌ಸ್ಟ್ಯಾಂಡಿನವರೆಗೂ ನಡೆದುಕೊಂಡೇ ಹೋದರು, ಬೈಕಿನ ಕಡೆ ನೋಡಲಿಲ್ಲ.

ಮರುದಿನ ಅವರ ಗ್ಯಾರೇಜಿಗೆ ಹೋದೆ. ಇನ್ನೂರು ಸಿಸಿಯ ಕೀಲಿ ತೆಗೆದು ಮುಂದೆ ಹಿಡಿದರು. ಬೇಡವೆಂದೆ. ಹಿಂದಿನ ಗಾಲಿಗೆ ಚೈನು ಸುತ್ತುವ ದೊಡ್ಡ ಹಲ್ಲುಚಕ್ರ ಹಾಕಿಕೊಡಿ ಎಂದೆ. ವೇಗ ಇಳಿಯುತ್ತದೆ, ಎಳೆತ ಏರುತ್ತದೆ. "ಮೊಂಡ" ಎಂದು ಬೈಯುತ್ತಲೇ ಹಾಕಿದರು. ಚೀಲವಿಲ್ಲದೆ ಮೊದಲಿನಿಂದ ಕಲಿಯಲು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿ ಹಿಡಿಯಿತು. ಇನ್ನೂರು ಸಿಸಿ ಕೊಂಡಿದ್ದರೆ ಗಾಲಿ ಬೇಗ ಏಳುತ್ತಿತ್ತು, ಒಪ್ಪುತ್ತೇನೆ. ಈಗ ಗಾಡಿಯಲ್ಲಿ ಏನೂ ಇಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾವ ಗಾಡಿಯಾದರೂ ತರಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಶುರುಮಾಡಲಿ ಎನ್ನುತ್ತೇನೆ.

ತಂಡ ಇನ್ನೊಬ್ಬ ಸವಾರನಿಗಾಗಿ ಮತ್ತೆ ಕೊಪ್ಪಳಕ್ಕೆ ಬಂದಾಗ ಅದೇ ಲೇಔಟಿನಲ್ಲಿ, ಒಬ್ಬನೇ, ಖಾಲಿ ಕ್ಯಾರಿಯರಿನ ಬೈಕಿನ ಮೇಲೆ ಗೆರೆ ದಾಟಿಸಿದೆ. ಮೊದಲ ಸಲಕ್ಕೇ. ನೋಡುತ್ತ ನಿಂತಿದ್ದವರಲ್ಲಿ ಕುಷ್ಟಗಿಯವನೂ ಇದ್ದ. ಈ ಸಲ ಸಂತೆಯ ಮಾತು ತೆಗೆಯಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಅದೇ ಒಂದು ಬೈಕು, ಎರಡು ಹೆಲ್ಮೆಟ್, ತೌಡು ಹಾಕುವ ಒಂಬತ್ತು ಮನೆ, ತಂಡದಲ್ಲಿ ಒಂದು ಜಾಗ.