ಯಂತ್ರಕ್ಕೆ ಹಚ್ಚಿದ ಅರಿಶಿನ

ಉಡುಪಿ ಕಡೆಯ ಕೊರಗಪ್ಪ ಸಿಂಗಪುರದ ಕಲ್ಲಾಂಗ್‌ನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಹನ್ನೆರಡು ವರ್ಷದಲ್ಲಿ ಅವನು ಎರೆದ ಜೆಲ್ಲನ್ನೆಲ್ಲ ಹಾಸಿದ್ದರೆ ಪೂರ್ವ ತುದಿಯ ಪಾಸಿರ್ ರಿಸ್‌ನ ಮನೆಯಿಂದ ಪಶ್ಚಿಮ ತುದಿಯ ಜುರಾಂಗ್ ವೆಸ್ಟ್‌ವರೆಗೆ ಜಾರಿಕೊಂಡೇ ಹೋಗಬಹುದಿತ್ತು, ಎಂಆರ್‌ಟಿ ರೈಲಿನ ಹಂಗೇ ಇಲ್ಲದೆ. ರಕ್ತದ ಡಿಎನ್‌ಎಯನ್ನು ಕೋಟಿಪಟ್ಟು ಹೆಚ್ಚಿಸಿ, ಆ ಲೋಳೆ ಹಾಳೆಯೊಳಗೆ ಓಡಿಸಿ, ನೇರಳಾತೀತ ದೀಪದಡಿ ಮಸುಕು ಗೆರೆ ಹುಡುಕುವುದು ಅವನ ಕೆಲಸ. ಈಚೆಗೆ ಆ ಗೆರೆ ಅವನಿಗೆ ಕಾಣುತ್ತಿರಲಿಲ್ಲ. ಕನ್ನಡಕ ಎರಡು ಸಲ ಬದಲಾಗಿತ್ತು. ಗೊತ್ತಿದ್ದದ್ದು ಹೆಂಡತಿ ವಿಮಲಾಗೆ ಮಾತ್ರ.

1998ರಲ್ಲಿ ಒಂದು ವಾರದ ಪರೀಕ್ಷೆಗೆಂದು ಹೊಸ ಯಂತ್ರ ಬಂತು. ಅದಕ್ಕೆ ಜೆಲ್ಲೇ ಬೇಡ. ಟ್ಯೂಬಿಗೆ ಪ್ರೋಬ್ ಎಂಬ, ಬಣ್ಣ ಹೊತ್ತ ಎಳೆ ಹಾಕಿ ಮುಚ್ಚಿದರೆ ಸಾಕು. ಸುತ್ತಿಗೊಮ್ಮೆ ಡಿಎನ್‌ಎ ನಕಲಾಗಿ ದುಪ್ಪಟ್ಟಾದಂತೆಲ್ಲ ಒಳಗೆ ಬೆಳಕು ಹೆಚ್ಚಿ, ಪರದೆಯ ಮೇಲೆ ದಪ್ಪ ಗೆರೆ ಮೇಲೇರುತ್ತದೆ. ಮುಖ್ಯಸ್ಥೆ ಡಾಕ್ಟರ್ ನಿರುಪಮಾ ಒಪ್ಪದಿದ್ದರೆ ಯಂತ್ರ ವಾಪಸ್. ಆಮೇಲೆ ಮತ್ತೆ ಜೆಲ್, ಕೊರಗಪ್ಪನ ಗುಟ್ಟು ಬಯಲು, ಕೆಲಸಕ್ಕೆ ನಮಸ್ಕಾರ.

ವಾರದ ಕೊನೆಯ ದಿನವೇ ಆಯುಧಪೂಜೆ. ವಿಮಲಾ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಅರಿಶಿನ ಕಲಸಿ ಕೊಟ್ಟಿದ್ದಳು. ಲ್ಯಾಬಿನಲ್ಲಿ ಬರಿಗೈ ನಿಷಿದ್ಧ. ಕೊರಗಪ್ಪ ನಿಯಮ ಮೀರುವವನಲ್ಲ. ಗ್ಲೌಸ್ ತೊಟ್ಟೇ ಯಂತ್ರಕ್ಕೆ ಅರಿಶಿನ ಹಚ್ಚಿ, ಕೈಮುಗಿದು, ಅದೇ ಗ್ಲೌಸಿನಲ್ಲಿ ರಕ್ತದ ಟ್ಯೂಬುಗಳ, ಹೋಲಿಕೆಗೆಂದು ಇಟ್ಟ ಬರೀ ನೀರಿನ ಟ್ಯೂಬಿನ ಮುಚ್ಚಳ ಒಂದೊಂದಾಗಿ ಒತ್ತಿದ.

ಯಂತ್ರ ಶುರುವಾಯಿತು. ಮೊದಲ ಸುತ್ತಿಗೇ ಎಲ್ಲ ಗೆರೆಗಳೂ ಆಕಾಶದಲ್ಲಿ!

"ಬರೀ ನೀರಿನ ಟ್ಯೂಬೂ ಹೊಳೀತಿದೆಯಲ್ಲ, ಕೊರಗಪ್ಪನೋರೇ!" ಎಂದರು ನಿರುಪಮಾ. "ಕಂಟಾಮಿನೇಟ್ ಆಗಿದೆ, ಬೇರೆ ಡಿಎನ್‌ಎ ಸೇರ್ಕೊಂಡಿದೆ. ಇಲ್ಲಾ ಮೆಷೀನೇ ಸರಿ ಇಲ್ಲ. ಪ್ಯಾಕ್ ಮಾಡಿಸಿಬಿಡಿ."

ಕೊರಗಪ್ಪನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಶೆಲ್ಫಿನ ಸೀಸೆಗಳು ತಾಳ ಹಾಕಿದವು. "ಒಂದ್ನಿಮಿಷ ಮೇಡಂ. ಡಿಎನ್‌ಎ ಆಗಿದ್ರೆ ಕೆಳಗಿಂದ ಹತ್ಬೇಕಲ್ಲ? ಇದು ಮೇಲೆ ಹೋಗಿ ಮಲಗಿದೆ."

ಯಾಕೋ ತನ್ನ ಬೆರಳು ನೋಡಿಕೊಂಡ. ಹಳೆಯ ನೇರಳಾತೀತ ದೀಪದಡಿ ಕೈ ಚಾಚಿದ. ಅರಿಶಿನ ಹತ್ತಿದ ಗ್ಲೌಸಿನ ಬೆರಳ ತುದಿಗಳು ಹಸಿರುಹಳದಿಯಾಗಿ ಧಗಧಗಿಸಿದವು, ಮುಚ್ಚಳಗಳ ಮೇಲೂ ಅದೇ ಹೊಳಪು. ಅವನ ಕಣ್ಣಿಗೂ ಕಂಡಿತು ಎಂದರೆ ಲೆಕ್ಕ ಹಾಕಿ.

"ಪೂಜೆ ಮಾಡಿದ್ರಾ? ಮೆಷೀನಿಗೆ?"

"ಹೌದು ಮೇಡಂ. ಮಾಡ್ದೆ ಇದ್ರೆ ಮನೇಲಿ ಊಟ ಇಲ್ಲ."

ನಿರುಪಮಾ ನಗು ತಡೆದುಕೊಂಡು ಹೊಸ ಗ್ಲೌಸಿನ ಪೆಟ್ಟಿಗೆಯನ್ನೇ ಮುಂದೆ ತಳ್ಳಿದರು.

ಎರಡನೆಯ ಸಲ ಹೊಸ ಟ್ಯೂಬು, ಹೊಸ ಮುಚ್ಚಳ. ಇಪ್ಪತ್ತು ಸುತ್ತು ಪರದೆ ಖಾಲಿ. ಇಪ್ಪತ್ತನಾಲ್ಕಕ್ಕೆ ರಕ್ತದ ಮಾದರಿಯ ಗೆರೆ ನೆಲ ಬಿಟ್ಟಿತು. ಬಾಗಿ, ಎದ್ದು, ಏರಿತು. ನೀರಿನ ಗೆರೆ ಕೆಳಗೇ ಇತ್ತು. ಹನ್ನೆರಡು ವರ್ಷ, ಎಲ್ಲ ಮುಗಿದ ಮೇಲೆ ಉಳಿದ ಗುರುತನ್ನಷ್ಟೇ ಕಂಡವನ ಎದುರಿಗೆ, ಮುಚ್ಚಿದ ಹನಿಯೊಳಗೆ, ಒಂದು ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು.

"ಇಟ್ಕೊಳ್ಳೋಣ," ಎಂದರು ನಿರುಪಮಾ. "ಮುಂದಿನ ವರ್ಷ ಬರೀ ಹೂವು ಇಡಿ."

ಕೊರಗಪ್ಪನಿಗೆ ಕೇಳಿಸಿತೋ ಇಲ್ಲವೋ. ಒದ್ದೆಯಾದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಗೆರೆ ಆಗಲೂ ಕಾಣುತ್ತಿತ್ತು.