ಕಣಕ್ಕಿಳಿದ ಮಂಜು

ನೇಸರಿ ಊರಿನ ಗೌರವ್ವನಿಗೆ ಅರವತ್ತು ತುಂಬಿದೆ. ಹಲ್ಲು ಗಟ್ಟಿ, ಕಣ್ಣು ಚುರುಕು, ಸೋಲು ಮಾತ್ರ ಮೈಗೆ ಒಗ್ಗದು. ಹಳ್ಳದ ದಂಡೆಯ ಕಣದಲ್ಲಿ ಮೆಣಸಿನಕಾಯಿ ಒಣಹಾಕುವ ಹೆಂಗಸರು ಮೂವತ್ತು ವರ್ಷ, ಚಳಿಗಾಲ ಬಂತೆಂದರೆ, ಅವಳ ಕಟ್ಟೆಗೆ ಬಂದು ಕೇಳುತ್ತಿದ್ದರು.

"ಗೌರವ್ವಕ್ಕಾ, ನಾಳಿ ಮಂಜ ಬೀಳತೈತೇನ್ರಿ?"

ಮಂಜು ಕುಡಿದ ಕಾಯಿ ಬಣ್ಣಗೆಡುತ್ತದೆ. ಗಡಹಿಂಗ್ಲಜದ ಪೇಟೆಯಲ್ಲಿ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಹಾಗಂತ ದಿನಾ ಸಂಜೆ ರಾಶಿ ಮಾಡಿ, ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿ, ಬೆಳಿಗ್ಗೆ ಮತ್ತೆ ಹರಡುವುದೆಂದರೆ ನಡು ಬಿದ್ದುಹೋಗುವ ಕೆಲಸ. ಮಂಜು ಬೀಳುತ್ತದೆ ಎಂದು ಗೌರವ್ವ ಹೇಳಿದರೆ ಹೊದಿಸುತ್ತಿದ್ದರು, ಇಲ್ಲವೆಂದರೆ ಹಾಗೇ ಬಿಟ್ಟು ಹೋಗುತ್ತಿದ್ದರು. ಕಾರಣ ಮಾತ್ರ ಅವಳು ಯಾರಿಗೂ ಹೇಳಿದವಳಲ್ಲ. ಹೇಳಿಬಿಟ್ಟರೆ ಕಟ್ಟೆಗೆ ಯಾರು ಬಂದಾರು?

ಮೂರು ವರ್ಷದ ಹಿಂದೆ ಸುಳಕೂಡದ ಜಿನಪಾಲ ಪಕ್ಕದ ಮನೆ ಕೊಂಡು ಬಂದ. ಅವನ ಹೆಂಡತಿ ಜಿನಮತಿಯೂ ಅದೇ ಕಣದಲ್ಲಿ ಕಾಯಿ ಹಾಕತೊಡಗಿದಳು. ಆಕೆಯ ಬಾಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು.

"ಮ್ಯಾಲ ಮೋಡ ಇದ್ರ ನೆಲದ ಬಿಸಿ ಇಲ್ಲೇ ಉಳೀತೈತ್ರಿ, ಚಾದರ ಹೊದ್ದಂಗ. ಮೋಡ ಇಲ್ಲಂದ್ರ ಬಿಸಿ ಮ್ಯಾಲ ಹೊಂಟಹೋಗಿ ನೆಲ ತಣ್ಣಗ ಆಗತೈತಿ. ನೆಲ ಹಸಿ ಇದ್ದು, ಗಾಳಿನೂ ನಿಂತಿದ್ರ, ನೆಲದ ಮ್ಯಾಲಿನ ಹಸಿ ಗಾಳಿ ಆ ತಂಪಿಗೆ ಸಣ್ಣ ಸಣ್ಣ ಹನಿ ಆಗಿ ಅಲ್ಲೇ ನಿಲ್ಲತೈತಿ. ಅದ ನೋಡ್ರಿ ಮಂಜ."

ಇದೆಲ್ಲ ಗೌರವ್ವನಿಗೂ ಗೊತ್ತಿದ್ದದ್ದೇ. ಬಚ್ಚಿಟ್ಟುಕೊಂಡದ್ದನ್ನು ಆಕೆ ಬೀದಿಯಲ್ಲಿ ಹಂಚಿದಳಲ್ಲ, ಅದಕ್ಕೇ ಹೊಟ್ಟೆ ಉರಿಯಿತು. ಹೆಂಗಸರು ಒಬ್ಬೊಬ್ಬರಾಗಿ ಜಿನಮತಿಯ ಪಡಸಾಲೆ ಹಿಡಿದರು. ಅಲ್ಲಿ ಚಹಾ ಬೇರೆ ಸಿಗುತ್ತಿತ್ತು. ಗೌರವ್ವ ತನ್ನ ಕಟ್ಟೆಯ ಮೇಲೆ ಒಬ್ಬಳೇ ಕೂತು ಆ ನಗು ಕೇಳುತ್ತಿದ್ದಳು.

ಹೋದ ಚಳಿಗಾಲದ ಒಂದು ದಿನ, ಇನ್ನೂ ಬಿಸಿಲಿರುವಾಗಲೇ, ಕಾಯಿ ಹಾಕಿದ್ದ ದುರ್ಗವ್ವ ಮತ್ತು ತಾರವ್ವ ಕಣದಲ್ಲಿ ಜಿನಮತಿಯನ್ನು ಮಂಜಿನ ಬಗ್ಗೆ ಕೇಳಿದರು. ಆಕಾಶ ಬೋಳಾಗಿತ್ತು, ಗಾಳಿಯಿಲ್ಲದೆ ಬೆಲ್ಲದ ಗಾಣದ ಮನೆಯ ಹೊಗೆ ನೆಟ್ಟಗೆ ಏರುತ್ತಿತ್ತು. ಜಿನಮತಿ ಒಂದು ಹಿಡಿ ಮಣ್ಣು ತೆಗೆದು ಉದುರಿಸಿದಳು.

"ನೆಲ ಒಣಗೈತ್ರಿ. ಬೀಳಂಗಿಲ್ಲ."

"ಬೀಳತೈತಿ," ಎಂದಳು ಅಲ್ಲೇ ತನ್ನ ಕಾಯಿ ನೋಡುತ್ತಿದ್ದ ಗೌರವ್ವ, ಯಾರೂ ಕೇಳದಿದ್ದರೂ.

ದುರ್ಗವ್ವ ನಕ್ಕಳು. "ನಿಮ್ಮ ಕಾಲ ಮುಗೀತ್ರಿ, ಅಕ್ಕಾ."

ಗೌರವ್ವ ನೆಟ್ಟಗೆ ನೀರಿನ ಮೋಟರಿನ ಹತ್ತಿರ ಹೋಗಿ ಅದನ್ನು ಚಾಲೂ ಮಾಡಿದಳು. ಕಣಕ್ಕೆ ಹತ್ತಿಕೊಂಡೇ ಅವಳ ಕಬ್ಬಿನ ಹೊಲ. ಇನ್ನು ಹತ್ತು ದಿನಕ್ಕೆ ಕಟಾವು ಇದ್ದದ್ದರಿಂದ ಅದಕ್ಕೆ ನೀರು ನಿಲ್ಲಿಸಿದ್ದರು. ಮೋಟರಿನ ಸಪ್ಪಳ ಕೇಳಿ ಗಂಡ ಅಣ್ಣಾಸಾಹೇಬ ಓಡಿಬಂದ.

"ಕಡಿಯೂ ಕಬ್ಬಿಗೆ ಈಗ್ಯಾಕ ನೀರ ಬಿಟ್ಟಿ?"

"ಬಾಡಾಕತ್ತೈತ್ರಿ," ಎಂದು ಗೌರವ್ವ ಮುಖ ತಿರುಗಿಸಿದಳು. ಕರೆಂಟು ಹೋಗುವ ತನಕ ನೀರು ಹರಿಯಿತು. ಆಮೇಲೆ ತನ್ನ ಕಾಯಿಗಷ್ಟೇ ತಾಡಪತ್ರಿ ಹೊದಿಸಿ, ಹೊಟ್ಟೆ ತುಂಬ ಉಂಡು ಮಲಗಿದಳು.

ಬೆಳಿಗ್ಗೆ ಎದ್ದರೆ ಮೇಲಿನ ರಸ್ತೆಯಲ್ಲಿ ಎಸ್.ಟಿ. ಬಸ್ಸು ನಿಚ್ಚಳವಾಗಿ ಕಾಣುತ್ತಿತ್ತು. ತಗ್ಗಿನ ಕಣ ಮಾತ್ರ ಮಂಜಿನಲ್ಲಿ ಮುಳುಗಿತ್ತು. ಗೌರವ್ವ ಹಿಗ್ಗಿನಿಂದ ಇಳಿದು ಹೋದಳು.

ಅಲ್ಲಿ ದುರ್ಗವ್ವ ಮತ್ತು ತಾರವ್ವನ ಕಾಯಿ ರಾಶಿಯಾಗಿ, ಬಂದೋಬಸ್ತಾಗಿ ಮುಚ್ಚಿತ್ತು. ಹೊದಿಸಿದ ನೀಲಿ ತಾಡಪತ್ರಿಗಳು ಎರಡೂ ಜಿನಮತಿಯವು. ಆಕೆಯ ಕಾಯಿ ಬಯಲಲ್ಲೇ ಬಿದ್ದು ತೊಪ್ಪೆಯಾಗಿತ್ತು. ಅದರ ನಡುವೆ ಕುಕ್ಕರುಗಾಲಲ್ಲಿ ಕೂತು ಆಕೆ ಕೆಟ್ಟದ್ದನ್ನು ಆರಿಸುತ್ತಿದ್ದಳು. ಅಷ್ಟರಲ್ಲಿ ಆ ಇಬ್ಬರೂ ಬಂದರು.

"ನಂದ ತಪ್ಪಾತ್ರಿ," ಎಂದಳು ಜಿನಮತಿ. "ಗೌರವ್ವಕ್ಕ ಹೇಳಿದ್ದ ಖರೆ. ಸಂಜಿಕ ಎಮ್ಮಿ ಹೊಡಕೊಂಡ ಬರುವಾಗ ಇಲ್ಲಿ ನೆಲ ಹಸಿ ಆಗಿದ್ದು ಕಂಡೆ. ನನ್ನ ಕಡೆ ಇದ್ದದ್ದ ಎರಡ ತಾಡಪತ್ರಿ. ನೀವು ನನ್ನ ಮಾತ ನಂಬಿ ಬಿಟ್ಟಿದ್ರಿ, ಅದಕ್ಕ ನಿಮ್ಮ ಕಾಯಿ ಮುಚ್ಚಿದೆ."

ನೆಲ ಹೇಗೆ ಹಸಿಯಾಯಿತು ಎಂದು ಹೇಳಲಿಲ್ಲ. ಗೌರವ್ವನ ಕಡೆ ಒಮ್ಮೆ ನೋಡಿ ಮತ್ತೆ ಆರಿಸತೊಡಗಿದಳು. ಗೌರವ್ವನಿಗೆ ಬೇಕಾದ ಗೆಲುವನ್ನು ಆಕೆಯೇ ಎತ್ತಿ ಕೊಟ್ಟಿದ್ದಳು, ಅದನ್ನು ತಡೆದುಕೊಳ್ಳುವುದು ಮೂರು ವರ್ಷದ ಉರಿಗಿಂತ ಕಷ್ಟವಾಯಿತು. ಹಾಳಾದ ಆ ಕಾಯಿಯ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ಅಂದು ಸಂಜೆ ಹೆಂಗಸರು ಗೌರವ್ವನ ಕಟ್ಟೆಗೆ ಬಂದರು. ಜಿನಮತಿಯೂ ಹಿಂದೆ ನಿಂತಿದ್ದಳು. ದುರ್ಗವ್ವನೇ ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾ, ನಾಳಿ ಮಂಜ ಬೀಳತೈತೇನ್ರಿ?"

"ಬೀಳತೈತಿ. ಕಣದ ಬಾಜೂಕಿನ ನೆಲ ಇನ್ನೂ ಹಸಿ ಐತಿ."

"ಮಳಿ ಇಲ್ಲ ಏನಿಲ್ಲ, ಹಸಿ ಹೆಂಗಾತ್ರಿ?" ಎಂದಳು ತಾರವ್ವ.

ಪೈಪು ಒಡೆಯಿತು ಎನ್ನಬಹುದಿತ್ತು. ಜಿನಮತಿ ತಲೆ ತಗ್ಗಿಸಿ ನಿಂತಿದ್ದಳು. ಏನು ಹೇಳಿದರೂ ಆಕೆ ಹೌದೆನ್ನುತ್ತಾಳೆಂದು ಗೌರವ್ವನಿಗೆ ಗೊತ್ತಿತ್ತು.

"ನಾ ನೀರ ಬಿಟ್ಟೆ," ಎಂದಳು ಗೌರವ್ವ. "ಮಂಜ ಬೀಳ್ಲಿ ಅಂತನ ಬಿಟ್ಟೆ. ನೀವು ಆಕೀನ್ನ ಕೇಳೂದ ಬಿಡಬೇಕಂತ."

ಗೌರವ್ವ ಒಳಗೆ ಹೋಗಿ ತನ್ನ ತಾಡಪತ್ರಿ ತಂದು ಜಿನಮತಿಯ ಕೈಗಿಟ್ಟಳು.

"ಇವತ್ತ ನಿನ್ನ ಕಾಯಿಗೆ ಹಾಕ. ನನ್ನ ಕಾಯಿ ಹಂಗ ಇರ್ಲಿ."