ನಮ್ಮ ಅಂಗಡಿಯ ಟೆಸ್ಟಿಂಗ್

ಶಿವಾಜಿನಗರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನಾನು ಸ್ಟೆತಾಸ್ಕೋಪ್ ರಿಪೇರಿ ಮಾಡುತ್ತಿದ್ದೆ. ಹೀಗಂದರೆ ಜನ ನಗುತ್ತಾರೆ. ಅದನ್ನೂ ರಿಪೇರಿ ಮಾಡ್ತಾರೇನ್ರೀ ಅಂತಾರೆ. ಮಾಡ್ತಾರೆ ಕಣ್ರೀ. ಬೆವರಿಗೆ ರಬ್ಬರ್ ಕೊಳವೆ ಬಿರುಕು ಬಿಡುತ್ತೆ, ಕಿವಿಗೆ ಹಾಕೋ ಗುಂಡು ಕಳೆದುಹೋಗುತ್ತೆ, ಎದೆ ಮೇಲೆ ಇಡೋ ಬಿಲ್ಲೆಯ ಪರದೆ ಒಡೆಯುತ್ತೆ. ತೊಂಬತ್ತರ ದಶಕದಲ್ಲಿ ಡಾಕ್ಟರುಗಳು ಅದನ್ನು ಬಿಸಾಡುತ್ತಿರಲಿಲ್ಲ, ನನ್ನ ಹತ್ತಿರ ತರುತ್ತಿದ್ದರು. ಪರದೆಗೆ ನಾನು ಹಳೇ ಎಕ್ಸ್‌ರೇ ಫಿಲ್ಮ್ ಬಳಸುತ್ತಿದ್ದೆ. ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ಯಾರದೋ ಪಕ್ಕೆಲುಬೆಲ್ಲ ಅಳಿಸಿಹೋಗಿ ತಿಳಿನೀಲಿ ಹಾಳೆ ಉಳಿಯುತ್ತಿತ್ತು. ಅದನ್ನು ದುಂಡಗೆ ಕತ್ತರಿಸಿ ಕೂರಿಸಿದರೆ ಕೆಲಸ ಮುಗೀತು.

ಕೂರಿಸಿದ ಮೇಲೆ ಟೆಸ್ಟ್ ಮಾಡಬೇಕಲ್ಲ. ನನ್ನದು ಕರಡಿ ಮೈ. ಬಿಲ್ಲೆ ಇಟ್ಟರೆ ಕೂದಲಿಗೆ ಉಜ್ಜಿ ಕರಕರ ಅನ್ನೋದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಆ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಂತು. ಹಲಸೂರಿನ ಮನೆಯಿಂದ ಅವಳು ದಿನಾ ಮಧ್ಯಾಹ್ನ ನನಗೆ ಊಟ ತರುತ್ತಿದ್ದಳು. ಡಬ್ಬಿ ಬಿಚ್ಚುವ ಮೊದಲು ಶಟರ್ ಅರ್ಧ ಇಳಿಸಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವತ್ತು ರಿಪೇರಿಯಾದದ್ದನ್ನೆಲ್ಲ ಒಂದೊಂದಾಗಿ ಇಟ್ಟು ಕೇಳುತ್ತಿದ್ದೆ.

'ಬೇಗ ಮುಗಿಸ್ರೀ, ಸಾರು ಆರೋಗುತ್ತೆ. ನನ್ನ ಎದೆ ಏನು ನಿಮ್ಮ ರೇಡಿಯೋ ಸ್ಟೇಷನ್ನಾ?'

'ಸುಮ್ನಿರೇ, ಮಾತಾಡಿದ್ರೆ ಕೇಳ್ಸಲ್ಲ.'

ಲಬ್ ಅನ್ನೋದು, ಡಬ್ ಅನ್ನೋದು, ಎರಡರ ನಡುವೆ ಸಣ್ಣಗೆ ಒಂದು 'ಶ್', ಕುಕ್ಕರಿನಿಂದ ಸೋರುವ ಆವಿಯ ಥರ. ಲಬ್ ಡಬ್ ಎಂಥ ಡಬ್ಬಾ ಸ್ಟೆತಾಸ್ಕೋಪಲ್ಲೂ ಕೇಳುತ್ತೆ. ಆ 'ಶ್' ಕೇಳಿಸಿದರೆ ಮಾತ್ರ ನನ್ನ ಅಂಗಡಿಯಲ್ಲಿ ಪಾಸು. ಕೇಳಿಸದಿದ್ದರೆ ಬಿಚ್ಚಿ ಇನ್ನೊಂದು ಪರದೆ ಹಾಕುತ್ತಿದ್ದೆ. ಹೆಂಗಸರ ಎದೆಯ ಶಬ್ದವೇ ಹಾಗೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ದಿನಾ ಡಾಕ್ಟರುಗಳೇ ಬಂದು ಎದುರಿಗೆ ನಿಲ್ಲುತ್ತಿದ್ದರು, ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲ ಗೊತ್ತು ಅನ್ನೋ ಜಂಬ ನನಗೆ.

ಆಮೇಲೆ ಹೊಸ ಹೊಸ ಮಾದರಿ ಬರತೊಡಗಿದವು. ರಬ್ಬರ್ ಹೋಗಿ ಬೆವರಿಗೆ ಜಗ್ಗದ ಪ್ಲಾಸ್ಟಿಕ್ ಕೊಳವೆ ಬಂತು. ಒಂದೇ ಕೊಳವೆಯೊಳಗೆ ಎರಡು ದಾರಿ ಇರುವಂಥದ್ದು ಬಂತು. ಮೆಲ್ಲಗೆ ಇಟ್ಟರೆ ದಪ್ಪ ಶಬ್ದ, ಒತ್ತಿ ಹಿಡಿದರೆ ತೆಳು ಶಬ್ದ ಕೇಳಿಸುವ ಪರದೆ ಬಂತು. ಒಂದೊಂದು ಹೊಸದು ಕೈಗೆ ಬಂದಾಗಲೂ ಅವಳನ್ನು ಕೂರಿಸಿ ಕೇಳುತ್ತಿದ್ದೆ. ಪ್ರತಿ ಸಲವೂ ಆ 'ಶ್' ಹಿಂದಿನದಕ್ಕಿಂತ ಜೋರಾಗಿರುತ್ತಿತ್ತು. ಎಂಥಾ ಮಾಲು ಮಾಡ್ತಾರಪ್ಪ ಅಂತ ಕಂಪನಿಯವರನ್ನು ಹೊಗಳುತ್ತಿದ್ದೆ.

ಅಷ್ಟು ಹೊತ್ತಿಗೆ ಅವಳು ದಾರಿಯಲ್ಲಿ ನಿಂತು ನಿಂತು ಬರುತ್ತಿದ್ದಳು. ಅಂಗಡಿಯ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. 'ದಪ್ಪ ಆಗಿದೀಯ, ಅನ್ನ ಕಡಿಮೆ ಮಾಡು' ಅಂದೆ. ಪಾಪ, ಕಡಿಮೆ ಮಾಡಿದಳು.

ಎರಡು ಸಾವಿರ ಇಸವಿ ಕಳೆದ ಮೇಲೆ, ಇಂದಿರಾನಗರದ ಒಬ್ಬ ಲೇಡಿ ಡಾಕ್ಟರು ಬ್ಯಾಟರಿ ಹಾಕುವ ಸ್ಟೆತಾಸ್ಕೋಪ್ ತಂದುಕೊಟ್ಟರು. ನಾನು ಅಂಥದ್ದನ್ನು ಮುಟ್ಟಿದ್ದು ಅದೇ ಮೊದಲು. ರೇಡಿಯೋ ಥರ ಶಬ್ದ ಏರಿಸಬಹುದು, ಇಳಿಸಬಹುದು. ಬ್ಯಾಟರಿ ಕೂರುವ ಕಡೆ ತುಕ್ಕು ಹಿಡಿದಿತ್ತು, ಅಷ್ಟೇ. ಕೆರೆದು ಸರಿ ಮಾಡಿದೆ. ಅವರು ವಾಪಸ್ ತೆಗೆದುಕೊಂಡು ಹೋಗಲು ಬಂದಾಗ ನನ್ನ ಹೆಂಡತಿಯೂ ಡಬ್ಬಿ ಹಿಡಿದು ಅಂಗಡಿಯಲ್ಲೇ ಇದ್ದಳು.

'ನೀವೇ ಇವಳ ಎದೆ ಮೇಲೆ ಇಟ್ಟು ನೋಡಿ ಮೇಡಂ,' ಅಂದೆ. 'ನಡುವೆ ಶ್ ಅಂತ ಕೇಳಿಸಿದ್ರೆ ಸರಿಯಾಗಿದೆ ಅಂತ ಅರ್ಥ.'

ಅವರು ಇಟ್ಟರು. ಬೇಗ ತೆಗೆಯಲಿಲ್ಲ. ಎಡಗಡೆ ಇಟ್ಟರು, ಬೆನ್ನಿಗೆ ಇಟ್ಟರು, ಅವಳ ಕಾಲಿನ ಬಾವು ಒತ್ತಿ ನೋಡಿದರು.

'ಈ ಶಬ್ದ ಎಷ್ಟು ದಿನದಿಂದ ಇದೆ?'

'ಹದಿಮೂರು ವರ್ಷ ಆಯ್ತು ಮೇಡಂ. ನಮ್ಮ ಅಂಗಡಿ ಟೆಸ್ಟಿಂಗೇ ಅದು,' ಅಂದೆ. ನಗುತ್ತಾ ಅಂದೆ. ಆ ನಗು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತೆ.

ಹೃದಯದ ಕವಾಟ ಕೆಟ್ಟಿತ್ತು. ಚಿಕ್ಕಂದಿನಲ್ಲಿ ಬಂದ ಯಾವುದೋ ಕೀಲುಜ್ವರದಿಂದ ಇರಬಹುದು ಅಂದರು ಆಸ್ಪತ್ರೆಯಲ್ಲಿ. ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಅಂತಲೂ ಅಂದರು. ಮೊದಲೇ ಗೊತ್ತಿತ್ತು. ಈ ಎರಡು ಕಿವಿಯಲ್ಲೇ ದಿನಾ ಕೇಳಿದ್ದೆ.

ವಾರ್ಡಿನಲ್ಲಿ ಅವಳ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. 'ಬಿಡ್ರೀ,' ಅಂದಳು. 'ಯಾವ ಗಂಡ ದಿನಾ ಹೆಂಡ್ತಿ ಎದೆಗೆ ಕಿವಿ ಕೊಟ್ಕೊಂಡು ಕೂತಿರ್ತಾನೆ ಹೇಳಿ?' ಅವಳು ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಇವತ್ತಿಗೂ ಅದರಿಂದ ಸಮಾಧಾನವಾಗಿಲ್ಲ.

ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು. ಅದಕ್ಕೆ ಒಂದು ವಾರ ಇರುವಾಗಲೇ ಹೋಗಿಬಿಟ್ಟಳು.

ತಿಥಿ ಮುಗಿದ ಮೇಲೆ ಅಂಗಡಿ ತೆರೆದೆ. ರಿಪೇರಿಗೆ ಕೊಟ್ಟವರು ಕಾಯುತ್ತಿದ್ದರು, ಕೆಲಸ ಮಾಡಲೇಬೇಕಿತ್ತು. ಟೆಸ್ಟ್ ಮಾಡಲು ಯಾರೂ ಇರಲಿಲ್ಲ, ಬೆಳಿಗ್ಗೆ ಗಡ್ಡದ ಜೊತೆಗೇ ಎದೆಯ ಕೂದಲನ್ನೂ ಬೋಳಿಸಿಕೊಂಡು ಬಂದಿದ್ದೆ. ಹೊಸ ಪರದೆ ಕೂರಿಸಿದ ಸ್ಟೆತಾಸ್ಕೋಪನ್ನು ನನ್ನ ಎದೆಗೇ ಇಟ್ಟುಕೊಂಡೆ. ಲಬ್ ಡಬ್, ಲಬ್ ಡಬ್. ನಡುವೆ ಏನೂ ಇಲ್ಲ. ಬಿಚ್ಚಿ ಇನ್ನೊಂದು ಪರದೆ ಕತ್ತರಿಸಿ ಹಾಕಿದೆ. ಮತ್ತೆ ಅಷ್ಟೇ. ಅದನ್ನೂ ತೆಗೆದು ಮತ್ತೊಂದು ಹಾಕಿದೆ. ಮೂರನೆಯದನ್ನೂ ಬಿಚ್ಚಲು ಹೋದಾಗ ನನ್ನ ಕೈ ನಿಂತಿತು. ಆ ಸ್ಟೆತಾಸ್ಕೋಪ್ ಮೊದಲ ಸಲವೇ ಸರಿಯಾಗಿತ್ತು.